ಮಾವ ಕೊಟ್ಟ ಗಡಿಯಾರ

ಅರುಣಕ ಅಂದೂ ಕೆಲಸ ಶುರುಮಾಡಿತು. ಮೊದಲು ಹೊಸ್ತಿಲ ಮೇಲೆ ಬೂದುಬಣ್ಣದ ಬೆಳಕು, ಆಮೇಲೆ ರಂಗೋಲಿಯ ಮೇಲೆ ಕೇಸರಿ, ಕೊನೆಗೆ ಕಾಫಿ ಫಿಲ್ಟರಿನ ಮೇಲೊಂದು ಹೊಳಪು. ಮಂಗಳ ಗ್ರಹದ ನೆಲದಡಿಯ ಆ ಊರಿಗೆ ಸೂರ್ಯ ಕಾಣುವುದಿಲ್ಲ. ಮನೆಮನೆಗೂ ಬೆಳಗನ್ನು ಹಂಚುವುದು ಈ ಯಂತ್ರದ ಹೊಣೆ. ಊರಿನ ಗಡಿಯಾರಗಳೆಲ್ಲ ಅದು ಹೇಳಿದಂತೆಯೇ ನಡೆಯುತ್ತಿದ್ದವು.

ಒಂದು ಗಡಿಯಾರ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅದು ಇಡ್ಲಿ ಹೋಟೆಲಿನ ಪುಟ್ಟರಂಗಯ್ಯನವರ ಜೇಬಿನಲ್ಲಿತ್ತು. ಮದುವೆಯಲ್ಲಿ ಮಾವ ಕೊಟ್ಟದ್ದು, ಬೆಳ್ಳಿ ಸರಪಳಿಯದು, ದಿನಕ್ಕೆ ಸುಮಾರು ನಲವತ್ತು ನಿಮಿಷ ಹಿಂದೆ ಬೀಳುವಂಥದು. ಭೂಮಿಯಲ್ಲಿದ್ದಾಗಿನಿಂದಲೂ ಅವರು ಬೆಳಕು ಹರಿಯುತ್ತಲೇ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಹುಬ್ಬು ಗಂಟಿಕ್ಕಿ, “ಲಲಿತಾ, ನಿಮ್ಮಪ್ಪನ ಮನೇಲಿ ಇನ್ನೂ ಬೆಳಗಾಗಿಲ್ಲ ಕಣೇ” ಎಂದು ಮುಳ್ಳನ್ನು ಆರಕ್ಕೆ ತಿರುಗಿಸಿಡುತ್ತಿದ್ದರು. ಹೆಂಡತಿಯ ಮುಂದೆ ಅವರಿಗೆ ಗೆಲುವೆಂಬುದಿದ್ದರೆ ಅದೊಂದೇ. ಉಳಿದ ದಿನವೆಲ್ಲ ಲಲಿತಮ್ಮನದೇ ಆಳ್ವಿಕೆ.

ಆದರೆ ಒಂದು ತಿಂಗಳಿಂದ ಬೆಳಕು ಹರಿಯುವ ಹೊತ್ತಿಗೆ ಗಡಿಯಾರ ಸರಿಯಾಗಿ ಆರನ್ನೇ ತೋರಿಸುತ್ತಿತ್ತು.

“ಏನ್ರೀ, ನಮ್ಮಪ್ಪನ ಗಡಿಯಾರದಲ್ಲಿ ಎಷ್ಟು ಗಂಟೆ?” ಎಂದು ಲಲಿತಮ್ಮ ಗಿರಾಕಿಗಳ ಎದುರಿಗೇ ಕೇಳತೊಡಗಿದರು. ಪುಟ್ಟರಂಗಯ್ಯನವರಿಗೆ ಅನ್ನ ಸೇರದಾಯಿತು. ಕೊನೆಗೆ, ಅರುಣಕವನ್ನು ಕಂಡುಹಿಡಿದ ಐರಿನ್ ಪಿಂಟೊ ಇಡ್ಲಿಗೆಂದು ಬಂದಾಗ ತಡೆದು ನಿಲ್ಲಿಸಿದರು.

“ಡಾಕ್ಟ್ರೇ, ನಿಮ್ಮ ಯಂತ್ರ ಕೆಟ್ಟಿದೆ. ನಮ್ಮ ಮಾವ ಕೊಟ್ಟ ಗಡಿಯಾರಕ್ಕೆ ಸರಿಯಾಗಿ ಬೆಳಗಾಗ್ತಿದೆ. ಇನ್ನೇನು ಸಾಕ್ಷಿ ಬೇಕು?”

ಐರಿನ್ ಪರೀಕ್ಷಿಸಿ ಮರಳಿ ಬಂದವಳು ನಗು ತಡೆಯಲಾರದೆ ಬೆಂಚಿನ ಮೇಲೆ ಕುಳಿತಳು. ಲಲಿತಮ್ಮ ಸೌಟು ಹಿಡಿದೇ ಹೊರಗೆ ಬಂದರು.

“ಎಂಥ ಹೇಳುವುದು ಮಾರಾಯ್ರೆ. ಅರುಣಕ ಜನರ ಮುಖ ನೋಡಿ ಬೆಳಕನ್ನು ತಿದ್ದಿಕೊಳ್ಳುವ ಯಂತ್ರ. ಆ ಹೊತ್ತಿಗೆ ಅದನ್ನು ಎದ್ದು ನೋಡುವವರು ಊರಿನಲ್ಲಿ ನೀವೊಬ್ಬರೇ. ನೀವು ಹುಬ್ಬು ಗಂಟಿಕ್ಕಿದಾಗೆಲ್ಲ ಅದು ಬೆಳಗನ್ನು ಸ್ವಲ್ಪ ಸ್ವಲ್ಪ ತಡ ಮಾಡಿದೆ, ನಿಮ್ಮ ಗಂಟು ಬಿಡುವ ತನಕ.”

“ಹಾಗಾದ್ರೆ ಸರಿಮಾಡಿ.”

“ಮಾಡುವುದಿಲ್ಲ. ಮಂಗಳದ ದಿನ ಭೂಮಿಯ ದಿನಕ್ಕಿಂತ ಸುಮಾರು ನಲವತ್ತು ನಿಮಿಷ ಉದ್ದ. ಅಷ್ಟು ಉದ್ದದ ದಿನಕ್ಕೆ ಜನರ ದೇಹ ಒಗ್ಗುವುದಿಲ್ಲ ಎಂದು ಊರಿನ ಸಮಿತಿ ಹಟ ಹಿಡಿದಿತ್ತು. ಅದಕ್ಕೇ ನಾವು ಇಲ್ಲಿಯೂ ಭೂಮಿಯ ದಿನವನ್ನೇ ನಡೆಸಿಕೊಂಡು ಬಂದದ್ದು. ನೆಲದ ಮೇಲೆ ಕೆಲಸಕ್ಕೆ ಹೋದವರಿಗೆ ಅದೇ ಗಂಟೆಗೆ ಒಮ್ಮೆ ಹಗಲು, ಒಮ್ಮೆ ಕತ್ತಲೆ. ಈಗ ಯಾರಿಗೂ ತಿಳಿಯದ ಹಾಗೆ ಊರಿಗೆ ಊರೇ ಆ ಉದ್ದದ ದಿನಕ್ಕೆ ಒಗ್ಗಿಬಿಟ್ಟಿದೆ. ಇನ್ನು ಇಲ್ಲಿ ಇದೇ ಕಾಲ. ಅಂಕಲ್, ನಿಮ್ಮ ಮಾವ ಕೊಟ್ಟದ್ದು ಅಪ್ಪಟ ಮಂಗಳದ ಗಡಿಯಾರ.”

ಪುಟ್ಟರಂಗಯ್ಯ ಹೆಂಡತಿಯ ಕುಹಕಕ್ಕೆ ಸಿದ್ಧರಾಗಿ ತಲೆತಗ್ಗಿಸಿದರು. ಆದರೆ ಲಲಿತಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ಅಂಗಡಿಯವನು ಅಪ್ಪನಿಗೆ ಮೋಸ ಮಾಡಿದ್ದ. ನೀವು ಆಡಿಕೊಂಡದ್ದು ಕಿವಿಗೆ ಬಿದ್ದ ಮೇಲೆ ಅವರು ಸಾಯೋ ತನಕ ನಮ್ಮ ಮನೆಗೆ ಬಂದರೂ ಜಗುಲಿ ದಾಟಲಿಲ್ಲ. ಹಸಿವಿಲ್ಲ ಅಂತ ಹೇಳಿ ಹೊರಟುಬಿಡೋರು. ನಿಮಗೆ ಅದು ಗೊತ್ತೇ ಆಗಲಿಲ್ಲ.”

 

ಮಾರನೆಯ ಬೆಳಗ್ಗೆ ಪುಟ್ಟರಂಗಯ್ಯ ಮೊದಲ ಒಬ್ಬೆಯ ಎರಡು ಇಡ್ಲಿಯನ್ನು ಎಲೆಗೆ ಹಾಕಿ, ಮೇಲೆ ತುಪ್ಪ ಸುರಿದು, ಹೊಸ್ತಿಲಿನ ಒಳಗೆ ಮಣೆಯ ಮುಂದಿಟ್ಟರು. “ಒಳಗೆ ಬನ್ನಿ, ಮಾವನವರೇ” ಎಂದು ಮೆಲ್ಲನೆ ಕರೆದು ಬಾಗಿಲು ಬಿಟ್ಟು ಸರಿದು ನಿಂತರು. ಆ ಮುಖದ ಅರ್ಥ ಅರುಣಕಕ್ಕೆ ತಿಳಿಯಲಿಲ್ಲ. ತಡ ಮಾಡಬೇಕೋ ಬೇಗ ಮಾಡಬೇಕೋ ತೋಚದೆ, ಅಂದು ಇಡೀ ಊರಿನ ಬೆಳಗನ್ನು ಕೊಂಚ ಹೊತ್ತು ಆ ಎಲೆಯ ಪಕ್ಕದಲ್ಲೇ ನಿಲ್ಲಿಸಿಕೊಂಡಿತು.