ಸಪಾಟಾದ ಒಲಿಂಪಿಕ್ ತಿರುವು

"ಇದನ್ನ ಸಪಾಟ ಮಾಡಿದವರು ಯಾರ್ರಿ?"

ಜೇವರ್ಗಿಯ ಕಾಲೇಜು ಸಭಾಂಗಣದಲ್ಲಿ ಅಫ್ರೀನಳ ದನಿಗೆ ಫ್ಯಾನೂ ಬೆಚ್ಚಿದಂತಾಯಿತು. ಮೇಜಿನ ಮೇಲೆ ಸಿಮೆಂಟಿನ ಮಾದರಿ: ೧೯೨೮ರ ಒಲಿಂಪಿಕ್ಸ್ ನಡೆದ ಆಮ್‌ಸ್ಟರ್‌ಡ್ಯಾಮಿನ ಕ್ರೀಡಾಂಗಣ. ಅದರ ಸೈಕಲ್ ಟ್ರ್ಯಾಕಿನ ತಿರುವುಗಳು ಹೊರಅಂಚಿಗೆ ಏರಿರಬೇಕು. ನಿನ್ನೆ ಅವಳೇ ಮೆತ್ತಿದ್ದಳು. ಈಗ ಜೋಳದ ರೊಟ್ಟಿಯಷ್ಟು ಚಪ್ಪಟೆ.

"ನಾನೇರಿ," ಎಂದ ಗೌಂಡಿ ದಾನಿಶ, ಕೈಯಲ್ಲಿ ಲೆವಲ್ ಪೈಪ್. "ನೀವು ಮೆತ್ತಿದ್ದು ವಾರೆ ಆಗಿತ್ತು. ನಮ್ಮ ಅಬ್ಬಾ ಕಟ್ಟಿದ ಒಂದು ಗ್ವಾಡಿನೂ ವಾರೆ ಇಲ್ಲ. ಹಸಿ ಇದ್ದಾಗಲೇ ಸರಿ ಮಾಡೀನಿ."

"ಸರಿ ಮಾಡೀರಿ? ಕಣ ಮಾಡೀರಿ, ಕಣ!"

ನಾಲ್ಕಕ್ಕೆ ಪುರಸಭೆಯ ಸಮಿತಿ ಬರುವುದಿತ್ತು. ಊರ ಮೈದಾನಕ್ಕೆ ಸೈಕಲ್ ಟ್ರ್ಯಾಕೋ, ಅಂಗಡಿ ಮಳಿಗೆಯೋ... ಇಂದೇ ತೀರ್ಮಾನ. ಲಾರಿಗಳ ನಡುವೆ ಸೈಕಲ್ ತುಳಿದೇ ರಾಜ್ಯಮಟ್ಟಕ್ಕೆ ಹೋದವಳು ಅಫ್ರೀನ. ಸಮಿತಿ ಅಧ್ಯಕ್ಷರ ಗೊಗ್ಗರು ದನಿಯನ್ನೇ ಅಣಕಿಸಿದಳು: "'ಹೆಣ್ಮಕ್ಕಳು ಸೈಕಲ್ ಹೊಡಿಯಾಕ ಹೈವೇ ಐತಲ್ಲವಾ!' ಆಮ್‌ಸ್ಟರ್‌ಡ್ಯಾಮಿನ್ಯಾಗ ಈ ಕ್ರೀಡಾಂಗಣ ಕೆಡವತೀವಿ ಅಂದಾಗ ಜನ ಅಡ್ಡ ನಿಂತು ಉಳಿಸಿಕೊಂಡ್ರು. ಇಲ್ಲಿ ಕಟ್ಟರಿ ಅನ್ನಾಕೂ ಬೇಡಬೇಕು. ಮಳಿಗೆ ಕಟ್ಟೋ ಗುತ್ತಿಗೆ ನಿಮ್ಮ ಅಬ್ಬಾಗೇ ಅಲ್ಲೇನ್ರಿ? ಅದಕ್ಕೇ ಕೆಡಿಸೀರಿ!"

ದಾನಿಶನ ಮುಖ ಕಪ್ಪಿಟ್ಟಿತು. ಲೆವಲ್ ಪೈಪ್ ಅಲ್ಲೇ ಇಟ್ಟು ಹೊರಟುಹೋದ.

ಮೂರು ವಾರ ಮಾದರಿ ಕಟ್ಟುತ್ತ ತನ್ನ ಪಕ್ಕ ಕೂತು ಆ ಇತಿಹಾಸವನ್ನೆಲ್ಲ ಕೇಳಿದವನು... ಇವನೂ ಹೀಗೆಯೇ? ಸಿಟ್ಟಿಗಿಂತ ಆ ಪ್ರಶ್ನೆಯೇ ಅವಳನ್ನು ಹೆಚ್ಚು ಸುಟ್ಟಿತು.

ಎರಡು ಗಂಟೆಗೆ ದಾನಿಶ ಮರಳಿ ಬಂದ. ಅಂಗಿಯ ತೋಳು ಹರಿದಿತ್ತು, ಮೊಣಕೈಯಲ್ಲಿ ರಕ್ತ.

"ಏನಾತ್ರಿ?"

"ಮೈದಾನದಾಗ ಜೋರು ಸೈಕಲ್ ಹೊಡದು ತಿರುಗಿಸಿದೆ. ಹೊರಗ ಒಗೀತು. ವಾರೆ ಯಾಕ ಬೇಕಂತ ಮೊಣಕೈಗೆ ತಿಳೀತ್ರಿ." ತಲೆ ತಗ್ಗಿಸಿದ. "ಕೆಡಿಸಬೇಕಂತ ಮಾಡ್ಲಿಲ್ಲ. ನಿಮ್ಮ ಕೆಲಸ ಚಂದ ಕಾಣ್ಲಿ ಅಂತ..."

ಅಫ್ರೀನ ಅವನ ಗಾಯ ತೊಳೆದಳು. ಆಮೇಲೆ ಇಬ್ಬರೂ ಸೇರಿ ತಿರುವುಗಳನ್ನು ಮತ್ತೆ ಮೆತ್ತಿದರು.

ಸಮಿತಿ ಬಂತು. ಅಧ್ಯಕ್ಷರು ಮೂಗು ಮುರಿದರು. "ಬಿರುಕು ಬಿಡೋ ನಮ್ಮ ಎರಿಮಣ್ಣಿನ್ಯಾಗ ಇದು ನಿಲ್ತದೇನು? ಯಾರು ಕಟ್ತಾರ?"

"ನಾ ಕಟ್ತೇನ್ರಿ," ಎಂದ ದಾನಿಶ. "ಗಟ್ಟಿ ನೆಲ ಸಿಗೋತನಕ ಅಗೀತೇನಿ. ಮಳಿಗೆ ಕೆಲಸ ನಮಗ ಬ್ಯಾಡ."

ಹಿಂದೆ ಕೂತಿದ್ದ ಅವನ ಅಬ್ಬಾ ಹುಸೇನಸಾಬರು ಮಗನನ್ನು ದುರುಗುಟ್ಟಿ ನೋಡಿದರು. ಆದರೆ ಇಲ್ಲ ಎನ್ನಲಿಲ್ಲ. ಕಟ್ಟುವವರು ಸಿಕ್ಕ ಮೇಲೆ ಅಧ್ಯಕ್ಷರಿಗೂ ನೆಪ ಉಳಿಯಲಿಲ್ಲ; ಸೋಮವಾರ ಟ್ರ್ಯಾಕಿಗೇ ಮೈದಾನ ಅಳೆಯುವುದೆಂದಾಯಿತು.

ಜನ ಚದುರಿದ ಮೇಲೆ ಅಫ್ರೀನ ಕೇಳಿದಳು, "ಅಬ್ಬಾ ಬೈಯಂಗಿಲ್ಲೇನ್ರಿ?"

"ಬೈತಾರ. ಮನೀಗೆ ಸೊಸಿ ಬರ್ತಾಳ ಅಂದ್ರ ಸುಮ್ಮನಾಗ್ತಾರ."

"ಸೊಸೀನ ಕೇಳೀರೇನು?"

"ಈಗ ಕೇಳಾಕತ್ತೇನಿ."

ಅವಳ ಕಣ್ಣು ತುಂಬಿತು. ಹುಬ್ಬು ಮಾತ್ರ ಗಂಟಾಗಿಯೇ ಇತ್ತು. "ಶುಕ್ರವಾರ, ಜುಮ್ಮಾ ದಿನ, ಹೆಣ್ಣು ಕೇಳಾಕ ನಿಮ್ಮ ಅಮ್ಮೀನ ಕಳಸ್ರಿ. ನನ್ನ ಸಿಟ್ಟು ಇನ್ನೂ ಇಳದಿಲ್ಲ, ಹೇಳಿರ್ರಿ ಅವರಿಗೆ."

"ಇಳಿಯೋದೂ ಬ್ಯಾಡ್ರಿ," ಎಂದ ದಾನಿಶ ಮೆಲ್ಲಗೆ. "ಟ್ರ್ಯಾಕ್ ಮುಗಿಯೋತನಕ ಅದು ಬೇಕಾಗ್ತದ."