ಎರಡು ತುತ್ತಿನ ಹುಡುಗಿ

ಜರಗನಹಳ್ಳಿಯ ಮನೆ ಓನರ್ ಮಗಳು ರಮ್ಯ, ಮಹಡಿಯ ಬಾಡಿಗೆದಾರ ಮೌನೇಶ ತಟ್ಟಿಕೊಟ್ಟ ಜೋಳದ ರೊಟ್ಟಿಯಲ್ಲಿ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಅವನ ಕೊಪ್ಪಳದ ಕಡೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅಲ್ಲಿ ತಟ್ಟೆ ಸರಿಸಿದ ನೆಂಟರ ಎತ್ತುಗಳು ಕೂಡ ಮತ್ತೆ ಆ ಓಣಿಗೆ ಕಾಲಿಡುವುದಿಲ್ಲ.

“ಯಾಕ್ರೀ, ಸೇರಲಿಲ್ಲೇನು?”

“ಸಖತ್ತಾಗಿದೆ. ನನ್ನ ಹೊಟ್ಟೆನೇ ನಿಧಾನ,” ಅವಳು ಕಣ್ಣಂಚಿನಲ್ಲಿ ನಕ್ಕಳು. “ಬೆಳಗ್ಗೆ ತಿಂದ ಇಡ್ಲಿ ಸಂಜೆವರೆಗೂ ಅಲ್ಲೇ ನಿಂತಿರುತ್ತೆ, ಬನಶಂಕರೀಲಿ ಬಸ್ಸಿಗೆ ಕಾಯೋ ಥರ.”

ಆ ನಗುವಿಗೆ ಕನಕಪುರ ರಸ್ತೆಯ ಬಸ್ಸುಗಳೆಲ್ಲ ಒಂದು ಗಳಿಗೆ ನಿಂತವು. ನಂಬದವರು ಕಂಡಕ್ಟರುಗಳನ್ನು ಕೇಳಬಹುದು.

ಅಂದಿನಿಂದ ಆ ಹೊಟ್ಟೆಯ ಕಾಯಿಲೆಗೆಂದು ಜೆ.ಪಿ. ನಗರದ ಫಿಸಿಯೋಥೆರಪಿಗೆ ಅವಳನ್ನು ಸೆಕೆಂಡ್‌ಹ್ಯಾಂಡ್ ಸ್ಕೂಟರಿನಲ್ಲಿ ಕರೆದೊಯ್ಯುವುದೇ ಅವರ ಪ್ರೇಮವಾಯಿತು.

“ಅಲ್ಲೇನ್ ಮಾಡಿಸ್ತಾರ್ರೀ?”

“ಉಸಿರನ್ನ ಹೊಟ್ಟೆವರೆಗೂ ಇಳಿಸಿ, ಸೊಂಟದ ಕೆಳಗಡೆ ಒಳಗಿರೋ ಸ್ನಾಯು ಸಡಿಲ ಬಿಡೋದು. ಹೊಟ್ಟೆ ಬೇಗ ಖಾಲಿ ಆಗುತ್ತೆ ಅಂತ ಮೇಡಂ ಮಾತು ಕೊಟ್ಟಿಲ್ಲ. ಮಲಬದ್ಧತೆ ಹೋದ್ರೆ ಉಬ್ಬರ ಕಮ್ಮಿ ಆಗ್ಬಹುದಂತೆ.”

ಮೌನೇಶನ ಕಿವಿ ಸಿಗ್ನಲ್ಲಿನಷ್ಟು ಕೆಂಪಾಯಿತು.

“ನಾಚ್ಕೋತೀರಾ? ನಿಮ್ಮಮ್ಮ ಬಂದಾಗ ಇದನ್ನೆಲ್ಲ ನೀವೇ ಹೇಳ್ಬೇಕು.”

“ಹೇಳ್ತೀನ್ರೀ.”

ಅವನ ತಾಯಿ ಹುಲಿಗೆವ್ವ ಹೆಣ್ಣು ನೋಡಲು ಬಂದರು. ಅವರ ರೊಟ್ಟಿ ಗಂಟಿಗೆ ಬಸ್ಸಿನಲ್ಲಿ ಬೇರೆ ಟಿಕೆಟ್ಟು ತೆಗೆಸಿದ್ದರಂತೆ. ಬಡಿಸಿದರು. ರಮ್ಯ ಎರಡು ತುತ್ತು ತಿಂದು ಮೌನೇಶನ ಮುಖ ನೋಡಿದಳು.

“ಯಾಕವಾ, ನಮ್ಮ ರೊಟ್ಟಿ ಸೇರವಲ್ದೇನು?”

ಹೇಳಬೇಕಾದ ಮಾತು ಮೌನೇಶನ ಗಂಟಲಿನವರೆಗೆ ಬಂದು ವಾಪಸ್ಸು ಹೋಯಿತು. “ಅವ್ರಿಗೆ ಇವತ್ತ ಉಪವಾಸ, ಯವ್ವಾ.”

“ಎರಡು ತುತ್ತು ತಿಂದು ಮಾಡೋ ಉಪವಾಸ ಯಾವ ದೇವರದಲೇ? ನಮ್ಮ ಅನ್ನ ಒಲ್ಲದಾಕಿ ನಮ್ಮನೀಗೆ ಬ್ಯಾಡ.” ಹುಲಿಗೆವ್ವ ಗಂಟು ಕಟ್ಟಿದರು.

ಗೇಟಿನ ಹತ್ತಿರ ರಮ್ಯ ಕೇಳಿದಳು: “ನನ್ನ ಕಾಯಿಲೆ ಹೇಳೋಕೆ ಅಷ್ಟು ನಾಚಿಕೆನಾ?”

“ಈಗ್ಲೇ ಹೋಗಿ ಹೇಳ್ತೀನ್ರೀ.”

“ಬೇಡ. ನನ್ನ ಹೊಟ್ಟೆ ನಿಧಾನ, ಮೌನೇಶ್. ನಿಮ್ಮ ಬಾಯಿ ಅದಕ್ಕಿಂತ ನಿಧಾನ. ಎರಡನ್ನೂ ಕಾಯೋಕೆ ನನ್ ಕೈಲಾಗಲ್ಲ.”

ಮೆಲ್ಲಗೆ ಚಿಲಕ ಹಾಕಿಕೊಂಡಳು. ಧಡಾರೆಂದು ಹಾಕಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

ಮೆಜೆಸ್ಟಿಕ್ಕಿನಲ್ಲಿ ಅವ್ವನ ಬಸ್ಸು ಹೊರಟಾಗ ಮೌನೇಶ ಕಿಟಕಿಯ ಜೊತೆ ಓಡುತ್ತ ಎಲ್ಲವನ್ನೂ ಕೂಗಿ ಹೇಳಿದ. ಮಲಬದ್ಧತೆಯನ್ನೂ. ಇಡೀ ಪ್ಲಾಟ್‌ಫಾರಂ ತಿರುಗಿ ನೋಡಿತು.

“ಇಷ್ಟೇ ಏನಲೇ?” ಹುಲಿಗೆವ್ವ ಕಿಟಕಿಯಿಂದ ಬಗ್ಗಿದರು. “ಮೊದ್ಲ ಹೇಳಿದ್ರ ಅಂಬಲಿ ಕಾಸ್ತಿದ್ನಲ್ಲೋ!”

ಬಸ್ಸು ಹೋಯಿತು. ಮೌನೇಶ ರಮ್ಯ ಹೇಳಿದ್ದ ಹಾಗೆ ಉಸಿರನ್ನು ಹೊಟ್ಟೆಯವರೆಗೆ ಇಳಿಸಿ, ಮೈ ಸಡಿಲ ಬಿಟ್ಟು ನೋಡಿದ. ಎದೆಯಲ್ಲಿದ್ದದ್ದು ಮಾತ್ರ ಇಳಿಯಲಿಲ್ಲ. ಅಲ್ಲೇ ನಿಂತಿತ್ತು, ಬಸ್ಸೇ ಬಾರದ ಸ್ಟಾಪಿನಲ್ಲಿ.