ಒಂದು ಸಲ ತಟ್ಟಿದರೆ ನಿಧಾನ

"ನಿಲ್ಸಿ! ಅದನ್ನ ಕತ್ತರಿಸ್ಬೇಡಿ!"

ಗ್ರೈಂಡರ್ ಹಿಡಿದಿದ್ದ ಮೇಸ್ತ್ರಿ ಬೆಚ್ಚಿಬಿದ್ದು ಸ್ವಿಚ್ ಆರಿಸಿದ. ಗ್ಯಾರೇಜಿನ ಬಾಗಿಲಲ್ಲಿ ಅವಳು ಏದುಸಿರು ಬಿಡುತ್ತಾ ನಿಂತಿದ್ದಳು. ಸುದ್ದಿ ಕೇಳಿದವಳೇ ಆಸ್ಪತ್ರೆಯ ಬಿಳಿ ಚಪ್ಪಲಿಯಲ್ಲೇ ಓಡಿ ಬಂದಿದ್ದಳು.

ವ್ಯಾನಿನೊಳಗಿಂದ ಅವನು ತಲೆ ಹೊರಗೆ ಹಾಕಿದ. ಕೂದಲ ತುಂಬ ಪ್ಲೈವುಡ್ಡಿನ ಪುಡಿ.

ಒಂದು ವರ್ಷ... ಸರಿಯಾಗಿ ಒಂದು ವರ್ಷದ ಮೇಲೆ ಇಬ್ಬರೂ ಮುಖಾಮುಖಿಯಾಗಿದ್ದರು!

"ಸಿಸ್ಟರ್..." ಎಂದ ಅವನು.

ಅಯ್ಯೋ, ಆ ಪದ! ಆರು ವರ್ಷ ಇದೇ ಗಾಡಿಯಲ್ಲಿ, ಇದು ಆಂಬುಲೆನ್ಸ್ ಆಗಿದ್ದಾಗ, ಅವನು ಮುಂದೆ ಡ್ರೈವರ್, ಅವಳು ಹಿಂದೆ ನರ್ಸ್. ಮನಸ್ಸಿನಲ್ಲಿ ಏನಿದ್ದರೂ ಅವನ ಬಾಯಿಗೆ ಬರುತ್ತಿದ್ದದ್ದು ಅದೊಂದೇ ಪದ. ದಿನಕ್ಕೆ ಹತ್ತು ಸಲ ಸಿಸ್ಟರ್ ಎಂದು ಕರೆಯುವ ಹುಡುಗಿಯ ಮುಂದೆ ಪ್ರೀತಿ ಹೇಳಿಕೊಳ್ಳುವುದಾದರೂ ಹೇಗೆ, ನೀವೇ ಹೇಳಿ!

"ನಮ್ಮಪ್ಪ ಕಣ್ಣು ಮುಚ್ಚಿದ ಗಾಡಿ ಇದು," ಎಂದಳು ಅವಳು. "ಇದ್ರಲ್ಲಿ ಸ್ಟೌ ಇಟ್ಕೊಂಡು ಟೀ ಕಾಯಿಸ್ತೀರಾ? ಮನಸ್ಸಾದ್ರೂ ಹೇಗೆ ಬಂತು ನಿಮಗೆ?"

ಟೀ ಎಂದದ್ದೇ ನೆಪವಾಗಿ ಮೇಸ್ತ್ರಿ ಮೆಲ್ಲಗೆ ಜಾಗ ಖಾಲಿ ಮಾಡಿದ.

"ಗುಜರಿಗೆ ಹಾಕ್ತಿದ್ರು. ನೋಡೋಕಾಗ್ಲಿಲ್ಲ... ನಾನೇ ತಗೊಂಡೆ," ಎಂದ ಅವನು. "ಕೆಲಸ ಬಿಟ್ಟೆ ಸಿಸ್ಟರ್. ಹನ್ನೆರಡು ವರ್ಷ ಎಲ್ಲೂ ನಿಲ್ಲಿಸ್ದೆ ಓಡಿಸಿದೀನಿ. ಇನ್ಮೇಲೆ ಮನಸ್ಸಿಗೆ ಬಂದ ಕಡೆ ನಿಲ್ಲಿಸ್ಬೇಕು. ಇದ್ರಲ್ಲೇ ಅಡುಗೆ, ಇದ್ರಲ್ಲೇ ನಿದ್ದೆ. ಬರೋ ಭಾನುವಾರ ಹೊರಡ್ತೀನಿ."

"ಯಾವಾಗ ವಾಪಸ್ಸು?"

"ಬರ್ತೀನೋ ಇಲ್ವೋ..."

ಹೋಗಲಿ! ನನಗೇನು? ಎಂದುಕೊಂಡು ಅವಳು ತಿರುಗಿದಳು. ಆದರೆ ಕಣ್ಣು ಸುಮ್ಮನಿರಬೇಕಲ್ಲ... ಬಲಗಡೆಯ ಗೋಡೆಗೆ ಅವನು ಹೊಡೆದಿದ್ದ ಹೊಸ ಶೆಲ್ಫಿನ ಮೇಲೆ ಬಿತ್ತು.

"ಅದಕ್ಕೆ ಮುಂದೊಂದು ಪಟ್ಟಿ ಹೊಡೀರಿ. ಗಾಡಿ ಬಲಕ್ಕೆ ತಿರುಗಿದ್ರೆ ಅಲ್ಲಿರೋದೆಲ್ಲ ನಿಮ್ಮ ತಲೆ ಮೇಲೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ಆಗಲೇ ಪಟ್ಟಿ ಹುಡುಕುತ್ತಿದ್ದ.

ಮರುದಿನ ಡ್ಯೂಟಿ ಮುಗಿಸಿ ಅವಳು ಮತ್ತೆ ಬಂದಳು. ಪಟ್ಟಿ ಹೊಡೆದಿದ್ದಾನೋ ಇಲ್ಲವೋ ನೋಡಲು, ಅಷ್ಟೇ! ಅದರ ಮರುದಿನವೂ ಬಂದಳು. ಅದಕ್ಕೆ ನೆಪ ಸಿಗಲಿಲ್ಲ, ಹಾಗಾಗಿ ನೆಪವಿಲ್ಲದೆಯೇ ಬಂದಳು.

ಸೈರನ್ ಕಿತ್ತ ತೂತಿನಲ್ಲಿ ಅವನು ಗಾಳಿಗೆ ಪುಟ್ಟ ಫ್ಯಾನು ಕೂರಿಸಿದ. ಆಕ್ಸಿಜನ್ ಸಿಲಿಂಡರ್ ಕಟ್ಟುತ್ತಿದ್ದ ಹಿಂಬಾಗಿಲ ಪಕ್ಕದ ಕ್ಲ್ಯಾಂಪಿಗೆ ನೀರಿನ ಕ್ಯಾನು ಬಂತು. ಸ್ಟ್ರೆಚರ್ ಇದ್ದ ಕಡೆಯೇ, ಡ್ರೈವರ್ ಕ್ಯಾಬಿನ್ನಿನ ತಗಡಿನ ಗೋಡೆಗೆ ತಲೆ ಬರುವಂತೆ, ಮಂಚ ಎದ್ದಿತು. ಅವಳು ಕಿಟಕಿಗಳ ಬಿಳಿ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ತೆಗೆದಳು. ಆರು ವರ್ಷ ಈ ಗಾಡಿಯಲ್ಲಿ ಓಡಾಡಿದರೂ ಹೊರಗಿನ ರಸ್ತೆಯನ್ನು ಒಮ್ಮೆಯೂ ಕಂಡವಳಲ್ಲ.

ಆ ತಗಡಿನ ಗೋಡೆಯನ್ನೇ ಮೇಸ್ತ್ರಿ ಅಂದು ಕತ್ತರಿಸಹೊರಟಿದ್ದು. ಅದರ ಮಧ್ಯೆ ಪುಟ್ಟ ಗಾಜಿನ ಕಿಟಕಿ, ತೆರೆಯಲು ಬಾರದ್ದು. ಆ ಗಾಜೇ ಇಬ್ಬರ ಮಾತಿನ ದಾರಿ. ರೋಗಿಯ ಮನೆಯವರು ಪಕ್ಕದಲ್ಲೇ ಕೂತಿರುವಾಗ ಕೂಗಿ ಹೇಳುವುದು ಹೇಗೆ? ಅದಕ್ಕೇ ಅವಳು ಬೆರಳು ಮಡಚಿ ತಟ್ಟುತ್ತಿದ್ದಳು. ಒಂದು ಸಲ ತಟ್ಟಿದರೆ ನಿಧಾನ. ಎರಡು ಸಲ ತಟ್ಟಿದರೆ ಬೇಗ. ಮೂರು ಸಲ ತಟ್ಟಿದರೆ... ಇನ್ನು ಅವಸರವಿಲ್ಲ ಎಂದರ್ಥ.

ಮನೆಯಲ್ಲಿ ಈ ಕಥೆ ಕೇಳಿದ ಅಪ್ಪನಿಗೆ ಅದೇ ಆಟವಾಯಿತು. ಮಗಳು ಡ್ಯೂಟಿಗೆ ತಡವಾಯಿತೆಂದು ಗಬಗಬ ತಿನ್ನುವಾಗ ಮೇಜಿನ ಮೇಲೆ ಒಂದು ಸಲ ತಟ್ಟುವುದು. ಚಪ್ಪಲಿ ಅದಲು ಬದಲು ಹಾಕಿಕೊಂಡು ಓಡುವಾಗ ಬಾಗಿಲಿಗೆ ಒಂದು ಸಲ ತಟ್ಟುವುದು. "ನಿಧಾನ ಮಗಳೇ!" ತಾಯಿಯಿಲ್ಲದ ಮನೆಯಲ್ಲಿ ಅಷ್ಟೇ ಅವರ ಗದರಿಕೆ.

ಆಮೇಲೆ ಆ ದಿನ ಬಂತು. ಸ್ಟ್ರೆಚರಿನ ಮೇಲೆ ಅಪ್ಪನೇ ಇದ್ದರು. ನಡುದಾರಿಯಲ್ಲಿ ಆಕ್ಸಿಜನ್ ಮುಗಿದು, ಅವಳು ಹಿಂಬಾಗಿಲ ಹತ್ತಿರ ಹೊಸ ಸಿಲಿಂಡರಿನೊಂದಿಗೆ ಒದ್ದಾಡುತ್ತಿದ್ದಾಗ, ಗಾಡಿ ಇದ್ದಕ್ಕಿದ್ದಂತೆ ನಿಧಾನವಾಯಿತು! ಅವಳು ಧಾವಿಸಿ ಬಂದು ಗಾಜು ಒಡೆಯುವಂತೆ ಎರಡೆರಡು ಸಲ ಬಡಿದಳು. ಗಾಡಿ ಮತ್ತೆ ಓಡಿತು. ಆದರೆ ಊರಾಚೆಯ ದೊಡ್ಡಾಸ್ಪತ್ರೆ ತಲುಪುವ ಹೊತ್ತಿಗೆ...

ಹತ್ತು ನಿಮಿಷ ಮೊದಲೇ ಬಂದಿದ್ದರೂ ಉಳಿಸಲಾಗುತ್ತಿರಲಿಲ್ಲ ಎಂದು ಡಾಕ್ಟರ್ ಹೇಳಿದ್ದರು. ನರ್ಸ್ ಆಗಿ ಅವಳಿಗದು ಗೊತ್ತಿತ್ತು. ಮಗಳಾಗಿ ಗೊತ್ತಾಗಲಿಲ್ಲ. ಅಂದಿನಿಂದ ಅವನ ಹತ್ತಿರ ಮಾತು ಬಿಟ್ಟಳು, ವಾರ್ಡ್ ಡ್ಯೂಟಿ ಕೇಳಿ ಹಾಕಿಸಿಕೊಂಡಳು. ಅಳು ಮಾತ್ರ ಬರಲೇ ಇಲ್ಲ.

ಶನಿವಾರ ಮಧ್ಯಾಹ್ನ ಪರದೆ ಕಟ್ಟುತ್ತಿದ್ದವಳು ಅಲ್ಲೇ ನಿಂತಳು. ನಾಳೆ ಹೊರಟುಹೋಗ್ತಾನೆ. ಇವತ್ತು ಕೇಳದಿದ್ದರೆ ಇನ್ಯಾವತ್ತು?

"ಒಂದು ಮಾತು ಕೇಳ್ತೀನಿ. ಆ ದಿನ ಯಾಕೆ ನಿಧಾನ ಮಾಡಿದ್ರಿ?"

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು.

"ತಪ್ಪಾಯ್ತು ಸಿಸ್ಟರ್."

"ತಪ್ಪು ಒಪ್ಪಿಕೊಳ್ಳಿ ಅಂತ ಕೇಳ್ಲಿಲ್ಲ. ಯಾಕೆ ಅಂತ ಕೇಳಿದೆ!"

"ಬಿಟ್ಬಿಡಿ..."

"ಹೇಗೆ ಬಿಡ್ಲಿ? ಒಂದು ವರ್ಷದಿಂದ ಅದನ್ನೇ ನೆನೆಸ್ಕೊಂಡು ಸಾಯ್ತಿದೀನಿ! ನಿಮ್ಮನ್ನ ದ್ವೇಷ ಮಾಡೋಕೂ ಆಗ್ತಿಲ್ಲ, ಮತ್ತೆ..." ಮುಂದಿನದನ್ನು ಅವಳು ನುಂಗಿಕೊಂಡಳು.

ಅವನು ತಲೆಯೆತ್ತಿದ. ಕಣ್ಣು ಕೆಂಪಾಗಿತ್ತು.

"ನೀವೇ ಒಂದು ಸಲ ತಟ್ಟಿದ್ರಿ, ಸಿಸ್ಟರ್."

"ಏನು?!"

"ಅಪ್ಪನ ನೋವು ನೋಡೋಕಾಗ್ದೆ ತಟ್ಟಿದ್ರಿ ಅಂದ್ಕೊಂಡೆ. ಆಮೇಲೆ ಅದನ್ನ ನಿಮಗೆ ನೆನಪು ಮಾಡಿದ್ರೆ, ನನ್ನಿಂದಲೇ ಹೀಗಾಯ್ತು ಅಂತ ಜೀವನವಿಡೀ ಕೊರಗ್ತೀರಿ. ನನ್ನ ಮೇಲೇ ಸಿಟ್ಟಿರ್ಲಿ ಅಂತ ಸುಮ್ಮನಿದ್ದೆ."

"ನಾನು ತಟ್ಟಲಿಲ್ಲ! ನಾನು ಹಿಂದೆ ಸಿಲಿಂಡರ್ ಹತ್ರ ಇದ್ದೆ! ಸುಳ್ಳು ಹೇಳ್ಬೇಡಿ!"

"ನನ್ನ ಕಿವಿಯಾರೆ ಕೇಳಿದೀನಿ..." ಎಂದವನು ಇಳಿದುಹೋಗಿ, ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗಿಗೆ ಹಣೆ ಆನಿಸಿದ.

ಅವಳು ಹೊಸ ಮಂಚದ ಮೇಲೆ ಹಾಗೇ ಉರುಳಿಕೊಂಡಳು. ಅಪ್ಪ ಮಲಗಿದ್ದಂತೆಯೇ, ಅದೇ ಜಾಗದಲ್ಲಿ. ಸೋತ ಕೈ ತಲೆಯ ಹಿಂದಕ್ಕೆ ಬಿದ್ದು ತಗಡಿಗೆ ಬಡಿಯಿತು.

ಟಕ್.

"ಸಿಸ್ಟರ್!" ಮುಂದಿನಿಂದ ಅವನ ಕೂಗು. "ಈಗ ಎಲ್ಲಿ ತಟ್ಟಿದ್ರಿ?"

"ನಾನೆಲ್ಲಿ... ಕೈ ತಗುಲಿತು ಅಷ್ಟೇ..."

"ಇನ್ನೊಂದ್ಸಲ! ದಯವಿಟ್ಟು!"

ಅವಳು ಎದ್ದು ಎಂದಿನಂತೆ ಗಾಜಿನ ಮೇಲೆ ತಟ್ಟಿದಳು.

"ಇದಲ್ಲ! ಮೊದಲಿನ ಹಾಗೆ!"

ಅವಳು ಮತ್ತೆ ಮಲಗಿ, ಕೈ ಹಿಂದಕ್ಕೆ ಚಾಚಿ, ತಗಡನ್ನು ತಟ್ಟಿದಳು.

ಅವನು ಸೀಟಿನಲ್ಲೇ ತಿರುಗಿ ಗಾಜಿಗೆ ಮುಖವಿಟ್ಟ.

"ಇದೇ... ಇದೇ ಸದ್ದು. ನನ್ನ ಬೆನ್ನ ಹಿಂದೆಯೇ. ಗಾಜಿನದಲ್ಲ."

ಆ ದಿನದ ಒಂದೊಂದೇ ಕ್ಷಣ ಅವಳ ಕಣ್ಣ ಮುಂದೆ ಬಂತು. ಸ್ಪ್ಯಾನರ್ ಎರಡು ಸಲ ಕೈ ಜಾರಿ ಕೆಳಗೆ ಬಿದ್ದದ್ದು. "ಅಯ್ಯೋ, ಅಯ್ಯೋ" ಎಂದು ತಾನು ಹುಚ್ಚಿಯಂತೆ ಗಡಿಬಿಡಿ ಮಾಡಿದ್ದು. ಸ್ಟ್ರೆಚರಿನ ಮೇಲಿಂದ ತನ್ನನ್ನೇ ನೋಡುತ್ತಿದ್ದ ಅಪ್ಪನ ಕಣ್ಣು. ಮುಖಕ್ಕೆ ಮಾಸ್ಕ್ ಕಟ್ಟಿತ್ತು, ಮಾತಾಡಲಾಗುತ್ತಿರಲಿಲ್ಲ...

"ಅಪ್ಪ," ಎಂದಳು ಪಿಸುದನಿಯಲ್ಲಿ. "ಅಪ್ಪ ತಟ್ಟಿದ್ದು! ನಿಮಗಲ್ಲ... ನನಗೆ. ನಿಧಾನ ಮಗಳೇ ಅಂತ. ನಂಗೆ ಕೇಳಿಸ್ಲೇ ಇಲ್ಲ! ನಿಮಗೆ ಕೇಳಿಸ್ತು!"

ಅವನು ಓಡಿ ಹಿಂಬಾಗಿಲಿಗೆ ಬಂದ. ಅವಳು ಎರಡೂ ಕೈಯಿಂದ ತಗಡನ್ನು ಸವರುತ್ತಿದ್ದಳು.

"ಅಪ್ಪನ ಕೊನೇ ಮಾತು ಒಂದು ವರ್ಷ ನಿಮ್ಮ ಹತ್ರವೇ ಇತ್ತು," ಎಂದಳು. "ಇದನ್ನ ಕತ್ತರಿಸ್ಬೇಡಿ."

"ಇಲ್ಲ. ಯಾವತ್ತೂ ಇಲ್ಲ."

ತಗಡಿನಿಂದ ಕೈ ತೆಗೆದು ಅವಳು ಕೇಳಿದಳು, "ನಮ್ಮನೆಯಿಂದ ಆ ದೊಡ್ಡಾಸ್ಪತ್ರೆಗೆ... ಅದೇ ದಾರೀಲಿ ಒಂದ್ಸಲ ಕರ್ಕೊಂಡು ಹೋಗ್ತೀರಾ? ನಿಧಾನಕ್ಕೆ?"

ಅವನು ಮುಂದಿನ ಬಾಗಿಲು ತೆರೆದ. ಏಳು ವರ್ಷದ ಪರಿಚಯದಲ್ಲಿ ಮೊದಲ ಬಾರಿ ಅವಳು ಅವನ ಪಕ್ಕದಲ್ಲಿ ಕೂತಳು.

ದಾರಿಯಲ್ಲಿ ಸೈಕಲ್ಲುಗಳೂ ಅವರನ್ನು ದಾಟಿ ಹೋದವು. ಹಿಂದಿನಿಂದ ಯಾರೋ ಹಾರ್ನ್ ಹೊಡೆದು ಬೈದರು. ಬೈಯಲಿ! ಅವಳು ನೋಡುತ್ತಿದ್ದಳು. ಗಡಿಯಾರದ ಅಂಗಡಿ, ಶಾಲೆಯ ಹಳದಿ ಗೋಡೆ, ಬಟ್ಟೆ ಒಣಹಾಕಿದ ಮಹಡಿಗಳು... ಎಷ್ಟೋ ಜನರ ಕೈ ಹಿಡಿದುಕೊಂಡು ದಾಟಿದ್ದ ರಸ್ತೆ ಇಷ್ಟೆಲ್ಲ ಇಟ್ಟುಕೊಂಡಿತ್ತೇ?

ಸೇತುವೆಯ ಮೇಲೆ ಅವನು ಗಾಡಿಯನ್ನು ಬದಿಗೆ ನಿಲ್ಲಿಸಿದ.

"ಇಲ್ಲೇ. ಆ ಸದ್ದು ಕೇಳಿದ್ದು ಇಲ್ಲೇ."

"ಇಲ್ಲಿ ಹೊಳೆ ಇದ್ಯಾ?" ಎಂದಳು. ಕೆಳಗೆ ಸಂಜೆಯ ನೀರು ಸುಮ್ಮನೆ ಹರಿಯುತ್ತಿತ್ತು. "ನಂಗೆ ಗೊತ್ತೇ ಇರ್ಲಿಲ್ಲ..."

ಅಷ್ಟೇ. ಒಂದು ವರ್ಷದ ಅಳು ಒಮ್ಮೆಲೇ ಬಂತು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವಳು ಹಿಡಿದುಕೊಂಡ ಕೈಯನ್ನು ಅವನು ಬಿಡಿಸಿಕೊಳ್ಳಲಿಲ್ಲ. ಅವನ ಕಣ್ಣಲ್ಲೂ ನೀರಿತ್ತು.

"ಸಿಸ್ಟರ್... ಸ್ವಲ್ಪ ನೀರು ಕುಡೀತೀರಾ?"

"ಇನ್ನೊಂದ್ಸಲ ಸಿಸ್ಟರ್ ಅಂದ್ರೆ ಇಲ್ಲೇ ಇಳಿದು ಹೋಗ್ತೀನಿ ನೋಡಿ!" ಅಳುವಿನ ಮಧ್ಯೆಯೇ ಗದರಿದಳು.

"ಮತ್ತೆ... ಏನಂತ ಕರೀಲಿ?"

ಅವಳು ಅವನ ಕಿವಿಯ ಹತ್ತಿರ ಬಾಗಿ, ಅಪ್ಪ ಮಾತ್ರ ಕರೆಯುತ್ತಿದ್ದ ಹೆಸರನ್ನು ಹೇಳಿದಳು. ಅವನು ಅದನ್ನು ಮೆಲ್ಲಗೆ, ಎಲ್ಲಿ ಮುಕ್ಕಾಗುತ್ತದೋ ಎನ್ನುವಂತೆ, ಒಂದು ಸಲ ಹೇಳಿ ನೋಡಿದ. ಆ ಹೆಸರಿನಿಂದ ಯಾರಾದರೂ ಅವಳನ್ನು ಕರೆದು ಒಂದು ವರ್ಷವಾಗಿತ್ತು.

"ಆ ಶೆಲ್ಫಲ್ಲಿ ಎರಡು ತಟ್ಟೆ ಇಟ್ಟಿದೀನಿ," ಎಂದ ಅವನು ಹೊಳೆಯನ್ನೇ ನೋಡುತ್ತಾ. "ಎರಡು ಲೋಟ. ಕೇಳೋ ಧೈರ್ಯ ಇರ್ಲಿಲ್ಲ. ಒಬ್ಬನೇ ಹೋಗೋಕೆ ಮನಸ್ಸೂ ಇಲ್ಲ."

"ನಾಳೆನೇ ಬರೋಕಾಗಲ್ಲ ನಂಗೆ. ಅಪ್ಪನ ಬಟ್ಟೆ ಕೂಡ ಇನ್ನೂ ಗೋಡೆ ಮೊಳೆಯಲ್ಲೇ ಇದೆ... ಆ ಮನೆಗೆ ಬೀಗ ಹಾಕೋಕೆ ನಂಗೆ ಸ್ವಲ್ಪ ದಿನ ಬೇಕು."

"ಹಾಗಾದ್ರೆ ನಾಳೆ ಹೊರಡಲ್ಲ."

"ಎಷ್ಟು ದಿನ ಅಂತ ಕೇಳಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿ ಗಾಡಿ ಸ್ಟಾರ್ಟ್ ಮಾಡಿದ. ಅವಳು ಕಣ್ಣೊರೆಸಿಕೊಂಡು, ಬೆರಳು ಮಡಚಿ, ಡ್ಯಾಶ್‌ಬೋರ್ಡಿನ ಮೇಲೆ ಒಂದೇ ಒಂದು ಸಲ ತಟ್ಟಿದಳು.

"ನಿಧಾನಾನಾ?" ಎಂದ ಅವನು.

"ಹೂಂ," ಎಂದಳು. "ನಿಧಾನ."